ಏಳು ರೂಪಾಯಿ ಕಮಿಷನ್ನಿನ ಅಂಗಡಿಯಿಂದ: ಕೇಂದ್ರ ಸಂವಹನ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಜ್ಯೋತಿರಾದಿತ್ಯ ಸಿಂಧಿಯಾ ಅವರಿಗೆ,

ನಮಸ್ಕಾರ. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ, ಬಸ್ ನಿಲ್ದಾಣದ ಎದುರು, ಹತ್ತಡಿ ಅಗಲದ ಮೊಬೈಲ್ ಅಂಗಡಿ ನನ್ನದು. ಸಿಮ್, ರೀಚಾರ್ಜ್, ಹೊಸ ಫೋನು, ಹಳೆಯ ಫೋನು, ಕವರು, ಚಾರ್ಜರು ಮಾರುತ್ತೇನೆ. ಡಿಸೆಂಬರ್ ಕೊನೆಯ ವಾರ ಬಾಗಿಲು ಅರ್ಧ ಎಳೆದುಕೊಂಡು 2025ರ ಲೆಕ್ಕ ತೆಗೆದೆ. ಅದನ್ನು ನೋಡಿದ ಮೇಲೆ ನಿಮಗೆ ಬರೆಯದೆ ಇರಲು ಆಗಲಿಲ್ಲ.

ರೀಚಾರ್ಜಿನಿಂದಲೇ ಆರಂಭಿಸುತ್ತೇನೆ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದಾಗ 239 ರೂಪಾಯಿಯ ಜಿಯೋ ಪ್ಯಾಕ್ 299 ಆಯಿತು. ಅಂಥ ಒಂದು ರೀಚಾರ್ಜ್ ಮಾಡಿದರೆ ನನಗೆ ಉಳಿಯುವುದು ಏಳು ರೂಪಾಯಿಯ ಆಸುಪಾಸು. ರೀಚಾರ್ಜಿನ ಹಣವನ್ನು ಕಂಪನಿಗೆ ನಾನು ಮೊದಲೇ ಕಟ್ಟಿರುತ್ತೇನೆ. ನಮ್ಮ ಭಾಷೆಯಲ್ಲಿ ಅದು ಲಾಪು ಬ್ಯಾಲೆನ್ಸ್. ಗಿರಾಕಿ ಕೊಡುವುದು ಆಮೇಲೆ, ಕೆಲವೊಮ್ಮೆ ಬಹಳ ಆಮೇಲೆ. ತಮ್ಮ ಫೋನಿನಲ್ಲೇ ರೀಚಾರ್ಜ್ ಮಾಡಿಕೊಳ್ಳುವವರಿಂದ ಆ್ಯಪ್‌ಗಳು ಸೇವಾ ಶುಲ್ಕವೆಂದು ಒಂದೆರಡು ರೂಪಾಯಿ ಕತ್ತರಿಸಿದರೆ ಯಾರೂ ಚಕಾರ ಎತ್ತುವುದಿಲ್ಲ. ನಾನು ಒಂದು ರೂಪಾಯಿ ಹೆಚ್ಚು ಕೇಳಿ ನೋಡಲಿ, ಬಸ್ ಕಾಯುತ್ತಿರುವವರೆಲ್ಲ ನನ್ನ ಅಂಗಡಿಯ ಮುಂದೆ ಸೇರುತ್ತಾರೆ.

ಸಂತೆಯ ದಿನ ಒಬ್ಬರು ಅಜ್ಜಿ ಬರುತ್ತಾರೆ. ಕೀಪ್ಯಾಡ್ ಫೋನು. ನಂಬರ್ ನೆನಪಿರುವುದಿಲ್ಲವೆಂದು ಫೋನಿನ ಬೆನ್ನಿಗೆ ಗಾಯದ ಪಟ್ಟಿ ಅಂಟಿಸಿ ಅದರ ಮೇಲೆ ಪೆನ್ನಿನಲ್ಲಿ ಬರೆಸಿದ್ದಾರೆ. ಅದರ ಕೊನೆಯ ಎರಡು ಅಂಕಿ ಅಳಿಸಿಹೋಗಿದ್ದವು, ನಾನೇ ಮತ್ತೆ ತಿದ್ದಿಕೊಟ್ಟೆ. ಅವರಿಗೆ ಇಂಟರ್‌ನೆಟ್ ಬೇಡ. ಬೆಂಗಳೂರಿನಲ್ಲಿರುವ ಮಗನ ಕರೆ ಬಂದರೆ ಸಾಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಕರೆ ಮತ್ತು ಎಸ್‌ಎಂಎಸ್‌ಗಷ್ಟೇ ಪ್ರತ್ಯೇಕ ಪ್ಯಾಕ್ ಇರಬೇಕೆಂದು ನಿಯಮ ಮಾಡಿದಾಗ ಈ ಅಜ್ಜಿಯೇ ನನ್ನ ಕಣ್ಣ ಮುಂದೆ ಬಂದಿದ್ದರು. ಆದರೆ ಖಾಸಗಿ ಕಂಪನಿಗಳು ತಂದ ಪ್ಯಾಕ್‌ಗಳು 84 ದಿನದವು, ಇಲ್ಲವೇ ವರ್ಷದ ಆಸುಪಾಸಿನವು. ಕಡಿಮೆಯೆಂದರೂ ನಾನೂರು ದಾಟುತ್ತದೆ. ಸೊಪ್ಪು ಮಾರಿ ಬಂದವರ ಸೆರಗಿನ ಗಂಟಿನಲ್ಲಿ ಒಂದೇ ಸಲಕ್ಕೆ ನಾನೂರು ಎಲ್ಲಿರುತ್ತದೆ? ನನ್ನ ಬ್ಯಾಲೆನ್ಸಿನಿಂದ ಹಾಕಿ ಸಾಲದ ಪುಸ್ತಕದಲ್ಲಿ ಬರೆದುಕೊಂಡೆ. ನಿಯಮ ನಿಮ್ಮದು, ಲಾಭ ಕಂಪನಿಯದು, ಕಂತು ಮಾತ್ರ ನನ್ನದು.

ಹಾಗೆಂದು ನಿಯಮಗಳೇ ಬೇಡ ಎನ್ನುವವನಲ್ಲ ನಾನು. 2023ರ ಆಗಸ್ಟ್‌ನಲ್ಲಿ 67,000 ಸಿಮ್ ಡೀಲರ್‌ಗಳನ್ನು ಕಪ್ಪುಪಟ್ಟಿಗೆ ಸೇರಿಸಿದ್ದಾಗಿ ನಿಮ್ಮ ಇಲಾಖೆ ಹೇಳಿದಾಗ ನನಗೆ ಬೇಸರವಾಗಲಿಲ್ಲ. ಒಬ್ಬರ ಆಧಾರ್ ಇಟ್ಟುಕೊಂಡು ಹತ್ತು ಸಿಮ್ ಎಬ್ಬಿಸುವವರು ನಮ್ಮ ನಡುವೆಯೇ ಇದ್ದರು. ಡಿಸೆಂಬರ್‌ನಿಂದ ಮಾರಾಟಗಾರರ ನೋಂದಣಿ ಕಡ್ಡಾಯವಾಯಿತು, ಮಾಡಿಸಿಕೊಂಡೆ. ಹೊಸ ದೂರಸಂಪರ್ಕ ಕಾಯ್ದೆಯ ಪ್ರಕಾರ ವಂಚನೆಯಿಂದ ಸಿಮ್ ಪಡೆದರೆ ಮೂರು ವರ್ಷದವರೆಗೆ ಜೈಲು, ಇಲ್ಲವೇ 50 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಆಗಲಿ. ನನ್ನ ಪ್ರಶ್ನೆ ಇಷ್ಟೇ: ಗಿರಾಕಿಯ ಮುಖ, ಬೆರಳು, ದಾಖಲೆಗಳನ್ನು ಸರ್ಕಾರದ ಪರವಾಗಿ ಪರಿಶೀಲಿಸುವವನ ಕೂಲಿಯ ಬಗ್ಗೆ ಯಾವ ಕಾಯ್ದೆಯಲ್ಲೂ ಒಂದು ಸಾಲು ಏಕಿಲ್ಲ?

2025ರ ಜುಲೈನಲ್ಲಿ ನಮ್ಮ ರಾಜ್ಯದಲ್ಲಿ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಹೋದದ್ದು ನಿಮಗೂ ಗೊತ್ತಿರಬಹುದು. ಅದು ನಿಮ್ಮ ಇಲಾಖೆಯಲ್ಲ, ನನಗೆ ನೋಟಿಸೂ ಬರಲಿಲ್ಲ. ಆದರೂ ಒಂದು ಲೆಕ್ಕ ಕೇಳಿ. ದಿನಕ್ಕೆ 12,000 ರೂಪಾಯಿಯ ರೀಚಾರ್ಜ್ ಮಾಡುವ ಅಂಗಡಿಯ ಖಾತೆಯಲ್ಲಿ ವರ್ಷಕ್ಕೆ 43 ಲಕ್ಷಕ್ಕೂ ಹೆಚ್ಚು ಹರಿಯುತ್ತದೆ. ನೂರಕ್ಕೆ ಎರಡೂವರೆ ಕಮಿಷನ್ ಹಿಡಿದರೆ ತಿಂಗಳಿಗೆ ಉಳಿಯುವುದು 9,000. ಅದರಲ್ಲೇ ಬಾಡಿಗೆ, ಕರೆಂಟು, ಹುಡುಗನ ಸಂಬಳ. ದೂರದಲ್ಲಿ ಕುಳಿತು ನೋಡಿದವರಿಗೆ ಅವನು ಲಕ್ಷಾಧೀಶ.

ಇನ್ನು ಬರುವ ವರ್ಷ. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಇಳಿದಾಗ ದೊಡ್ಡ ಟಿವಿ 28ರಿಂದ 18ಕ್ಕೆ ಬಂತು, ಮೊಬೈಲ್ ಮೊದಲಿನಂತೆ 18ರಲ್ಲೇ ಉಳಿಯಿತು. ದಸರಾ ಮುಗಿಯುವವರೆಗೂ ಅದನ್ನು ಗಿರಾಕಿಗಳಿಗೆ ವಿವರಿಸಿ ಗಂಟಲು ಒಣಗಿತು. ಅಷ್ಟರಲ್ಲಿ ಮೆಮೊರಿ ಚಿಪ್‌ಗಳ ಬೆಲೆ ಏರತೊಡಗಿತು. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳು ಚಿಪ್‌ಗಳನ್ನೆಲ್ಲ ಎಳೆದುಕೊಳ್ಳುತ್ತಿರುವಾಗ ಹತ್ತು ಸಾವಿರದೊಳಗಿನ ಫೋನಿಗೆ ಉಳಿಯುವುದೇನು? ಡಿಸ್ಟ್ರಿಬ್ಯೂಟರ್ ಕಡೆಯ ಹುಡುಗ ಹೊಸ ದರಪಟ್ಟಿ ತಂದಾಗಲೆಲ್ಲ ಮುಖ ಬೇರೆ ಕಡೆ ತಿರುಗಿಸಿ ಕೊಡುತ್ತಾನೆ. ಹೊಸದು ಕೈಗೆಟುಕದವರು ಹಳೆಯದಕ್ಕೆ ಬರುತ್ತಾರೆ. 2026ರಲ್ಲಿ ನಮ್ಮಂಥವರ ಹೊಟ್ಟೆ ತುಂಬಬೇಕಿರುವುದು ಸೆಕೆಂಡ್ ಹ್ಯಾಂಡ್ ಫೋನಿನಿಂದಲೇ ಎಂದು ನನ್ನ ಅಂದಾಜು.

ನಿಮ್ಮ ಇಲಾಖೆ 2025ರ ಅಕ್ಟೋಬರ್‌ನಲ್ಲಿ ತಂದ ಸೈಬರ್ ಭದ್ರತಾ ತಿದ್ದುಪಡಿ ನಿಯಮ ಬಂದು ಕುಳಿತಿರುವುದೂ ಅಲ್ಲಿಯೇ. ಹಳೆಯ ಫೋನ್ ಕೊಳ್ಳುವ, ಮಾರುವ ಮೊದಲು ಅದರ ಐಎಂಇಐ, ಅಂದರೆ ಪ್ರತಿ ಫೋನಿಗೂ ಇರುವ ಗುರುತಿನ ನಂಬರು, ನಿರ್ಬಂಧಿತ ಪಟ್ಟಿಯಲ್ಲಿದೆಯೇ ಎಂದು ನೋಡಬೇಕು. ಸರಿಯಾದ ನಿಯಮ. ಕದ್ದ ಫೋನನ್ನು ಗೊತ್ತಿಲ್ಲದೆ ಕೊಂಡು ಠಾಣೆಯ ಬೆಂಚಿನ ಮೇಲೆ ಒಂದು ಮಧ್ಯಾಹ್ನ ಕಳೆದವನು ನಾನು, ಅದರ ಬೆಲೆ ನನಗೆ ಗೊತ್ತು. ಈಗಲೂ ಒಂದೊಂದು ಫೋನಿಗೂ 14422ಕ್ಕೆ ಎಸ್‌ಎಂಎಸ್ ಕಳಿಸಿ ನೋಡುತ್ತೇನೆ. ಆದರೆ ಇವತ್ತು ಶುದ್ಧವಾಗಿ ಕಂಡ ನಂಬರನ್ನು ಮಾಲೀಕ ನಾಳೆ ದೂರು ಕೊಟ್ಟು ನಿರ್ಬಂಧಿಸಿದರೆ, ಕೊಳ್ಳುವಾಗ ಪರಿಶೀಲಿಸಿದ್ದೆ ಎಂದು ಪೊಲೀಸರ ಮುಂದೆ ಇಡಲು ನನಗೊಂದು ರಸೀದಿ ಬೇಕು, ದಿನಾಂಕ ಮತ್ತು ಹೊತ್ತು ನಮೂದಾದ ರಸೀದಿ. ಅದಕ್ಕೆ ಅಂಗಡಿಯವನಿಂದ ಶುಲ್ಕ ಕೀಳಬೇಡಿ.

ಕಮಿಷನ್ ಖಾಸಗಿ ಒಪ್ಪಂದ, ನಾವು ಕೈ ಹಾಕುವುದಿಲ್ಲ ಎಂಬ ಉತ್ತರ ಬರಬಹುದು. ಆದರೆ ಬಿಎಸ್‌ಎನ್‌ಎಲ್ ನಿಮ್ಮದೇ. ವೊಡಾಫೋನ್ ಐಡಿಯಾದಲ್ಲಿ ಬಾಕಿಗೆ ಬದಲಾಗಿ ಪಡೆದ ಷೇರುಗಳಿಂದ ಸರ್ಕಾರದ ಪಾಲು 2025ರಲ್ಲಿ ಸುಮಾರು ಅರ್ಧಕ್ಕೆ ಏರಿತು. ಸೆಪ್ಟೆಂಬರ್ 27ರಂದು ಪ್ರಧಾನಿಯವರು ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿಯನ್ನು ಉದ್ಘಾಟಿಸಿದರು, ಸಂತೋಷ. ಟವರ್ ನಿಂತರೆ ಸಾಲದು, ಸಿಮ್ ಕೈಗೆ ಕೊಟ್ಟು ಮಾತಾಡಿಸುವವರೂ ಬೇಕಲ್ಲವೇ? ಕಮಿಷನ್ನಿಗೆ ಒಂದು ಕನಿಷ್ಠ ಮಟ್ಟವನ್ನು ಅಲ್ಲಿಂದಲೇ ಆರಂಭಿಸಿ. ಹಾಗೆಯೇ ಕರೆಗಳಿಗಷ್ಟೇ ಇರುವ 28 ದಿನದ ಅಗ್ಗದ ಪ್ಯಾಕ್ ಎಲ್ಲ ಕಂಪನಿಗಳಲ್ಲೂ ಇರಬೇಕೆಂದು ಟ್ರಾಯ್‌ಗೆ ನಿಮ್ಮ ಇಲಾಖೆ ಬರೆಯಲಿ.

ಈ ಪತ್ರಕ್ಕೆ ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ. ಕಮಿಷನ್ ನಾಲ್ಕಾಣೆ ಏರಿದರೂ ದರಪಟ್ಟಿ ತರುವ ಹುಡುಗ ಅವತ್ತು ನನ್ನ ಮುಖ ನೋಡಿ ಕೊಡುತ್ತಾನೆ, ನನಗೆ ಗೊತ್ತಾಗುತ್ತದೆ.

ಇತಿ,
ಬಸ್ ನಿಲ್ದಾಣದ ಎದುರಿನ ಮೊಬೈಲ್ ಅಂಗಡಿಯವನು