ಪುನರ್ಜನ್ಮ ಅಲ್ಲ, ಪುನರುತ್ಥಾನ

ಸಂಪಾದಕರಿಗೆ,

ಮಾನ್ಯರೇ,

ಈಸ್ಟರ್ ಮರುದಿನದ ನಿಮ್ಮ ಪತ್ರಿಕೆಯಲ್ಲಿ ಶಿವಮೊಗ್ಗ, ಸಾಗರದ ಚರ್ಚುಗಳ ಫೋಟೊ ಚೆನ್ನಾಗಿ ಬಂದಿತ್ತು. ಕೆಳಗೆ ಮಾತ್ರ 'ಯೇಸುವಿನ ಪುನರ್ಜನ್ಮದ ಹಬ್ಬ' ಎಂದು ಅಚ್ಚಾಗಿತ್ತು. ಈ ತಪ್ಪು ಪ್ರತಿ ವರ್ಷ ಎಲ್ಲಾದರೂ ಕಣ್ಣಿಗೆ ಬೀಳುತ್ತದೆ. ಈ ಸಲ ಬರೆದೇ ಬಿಡೋಣ ಅನ್ನಿಸಿತು.

ಸಿಟ್ಟೇನೂ ಇಲ್ಲ. ನಮ್ಮಪ್ಪನನ್ನು ಮಣ್ಣು ಮಾಡಿದ್ದು ಜುಲೈ ತಿಂಗಳ ಮಳೆಯಲ್ಲಿ. ಗುಂಡಿ ತೋಡಿದಷ್ಟೂ ನೀರು. ಬಕೆಟ್ಟಿನಲ್ಲಿ ಮೊಗೆದು ಹಾಕಿ ಪೆಟ್ಟಿಗೆ ಇಳಿಸಿದೆವು. ಪಕ್ಕದ ತೋಟದ ಹಿರಿಯರು ಹೆಗಲು ಮುಟ್ಟಿ, "ಬೇಜಾರು ಮಾಡ್ಕೋಬೇಡ ಮಾರಾಯ, ನಿಮ್ಮನೇಲೇ ಮತ್ತೆ ಹುಟ್ಟಿ ಬರ್ತಾರೆ" ಎಂದರು. ನಾನು ತಲೆ ಆಡಿಸಿದೆ. ಅಂಥ ಹೊತ್ತಲ್ಲಿ ಯಾರನ್ನೂ ತಿದ್ದಬಾರದು. ಪತ್ರಿಕೆಯನ್ನು ತಿದ್ದಬಹುದು, ಅಲ್ವಾ?

ಪುನರ್ಜನ್ಮದಲ್ಲಿ ಜೀವ ಹಳೇ ದೇಹ ಬಿಟ್ಟು ಹೊಸದನ್ನು ಹಿಡಿಯುತ್ತದೆ. ಪುನರುತ್ಥಾನದಲ್ಲಿ ಸತ್ತವರೇ, ದೇಹದ ಸಮೇತ, ಏಳುತ್ತಾರೆ. ತುಳಸಿ ಪೂಜೆಯ ಉತ್ಥಾನ ದ್ವಾದಶಿಯಲ್ಲಿರುವ ಉತ್ಥಾನವೇ ಇದು. ಏಳುವುದು ಎಂದೇ ಅರ್ಥ. ಹಾಗಾಗಿ ಇಲ್ಲಿ ಎಲ್ಲವೂ ನಿಂತಿರುವುದು ದೇಹದ ಮೇಲೆ. ಕ್ರೈಸ್ತ ಪಂಡಿತರ ಜಗಳವೂ ಅದರ ಮೇಲೆಯೇ.

ಜರ್ಮನಿಯ ರುಡಾಲ್ಫ್ ಬುಲ್ಟ್‌ಮನ್ 1941ರಲ್ಲಿ ಒಂದು ಮಾತೆತ್ತಿದರು. ಕರೆಂಟು ದೀಪ ಉರಿಸಿ ರೇಡಿಯೊ ಕೇಳುವ ಜನ ಹಳೇ ಕಾಲದ ಪವಾಡಗಳ ಲೋಕವನ್ನು ಇದ್ದ ಹಾಗೇ ನಂಬಲು ಆಗದು ಎಂದರು. (ಜೋಗದಲ್ಲೇ ಕರೆಂಟು ಹುಟ್ಟಿದರೂ ಮೊದಲ ಮಳೆಗೇ ದೀಪ ಆರುವ ನಮ್ಮ ಕಡೆಯನ್ನು ಅವರು ನೋಡಿರಲಿಲ್ಲ.) ಶಿಷ್ಯರಲ್ಲಿ ನಂಬಿಕೆ ಎದ್ದಿತು, ಅವರು ಸಾರಿದ ಮಾತಿನಲ್ಲಿ ಯೇಸು ಎದ್ದಿದ್ದಾರೆ, ಅಷ್ಟು ಸಾಕು ಎಂಬುದು ಅವರ ವಾದ. ಅದೇ ದೇಶದ ವೋಲ್ಫ್‌ಹಾರ್ಟ್ ಪಾನೆನ್‌ಬರ್ಗ್ 1964ರಲ್ಲಿ ಇದಕ್ಕೆ ತಿರುಗಿ ನಿಂತರು. ಇದು ನಿಜವಾಗಿ ನಡೆದದ್ದು, ಇತಿಹಾಸದವರು ಬಂದು ಪರೀಕ್ಷೆ ಮಾಡಲಿ ಎಂದರು. ಸಮಾಧಿಯಲ್ಲಿ ದೇಹ ಇದ್ದಿದ್ದರೆ ಅದೇ ಜೆರುಸಲೇಮಿನಲ್ಲಿ ನಿಂತು 'ಎದ್ದಿದ್ದಾರೆ' ಎಂದು ಸಾರಲು ಆಗುತ್ತಿತ್ತೇ ಎಂಬುದು ಅವರ ಪ್ರಶ್ನೆ.

ಪತ್ರಿಕೆಯವರು ಪದ ಕೆಡಿಸಿದ್ದು ನಮ್ಮಲ್ಲಿ ಮಾತ್ರ ಅಲ್ಲ ಬಿಡಿ. 1984ರಲ್ಲಿ ಇಂಗ್ಲೆಂಡಿನ ಡೇವಿಡ್ ಜೆಂಕಿನ್ಸ್ ಡರಮ್‌ನ ಬಿಷಪ್ ಆದರು. ಅವರಿಗೆ ದೀಕ್ಷೆಯಾದ ಯಾರ್ಕ್‌ನ ದೊಡ್ಡ ಚರ್ಚಿಗೆ ಮೂರೇ ದಿನದಲ್ಲಿ ಬೆಂಕಿ ಬಿತ್ತು. ಸಿಡಿಲೇ ಇರಬೇಕು ಎಂದು ತನಿಖೆಯವರು ಅಂದರೆ, ಪವಾಡಗಳನ್ನು ಪ್ರಶ್ನಿಸುವವರನ್ನು ಬಿಷಪ್ ಮಾಡಿದ್ದಕ್ಕೆ ದೇವರ ಸಿಟ್ಟು ಎಂದು ಕೆಲವರು ಅಂದರು. ಸಿಡಿಲು ಬಿದ್ದಲ್ಲೆಲ್ಲ ಪಾಪಿ ಹುಡುಕುತ್ತಾ ಹೋದರೆ ಮಲೆನಾಡಲ್ಲಿ ಒಳ್ಳೆಯವರೇ ಉಳಿಯುವುದಿಲ್ಲ. ಆಮೇಲೆ ಜೆಂಕಿನ್ಸ್, ಪುನರುತ್ಥಾನ ಎಂದರೆ ಬರೀ ಮೂಳೆಗಳ ಕಣ್ಕಟ್ಟಲ್ಲ, ಅದಕ್ಕಿಂತ ದೊಡ್ಡದು ಎಂಬರ್ಥದ ಮಾತಾಡಿದರು. 'ಅಲ್ಲ' ಎಂಬುದು ಬಿದ್ದುಹೋಗಿ, ಬಿಷಪ್ಪರೇ ಅದನ್ನು ಕಣ್ಕಟ್ಟು ಎಂದರು ಅಂತ ಸುದ್ದಿಯಾಯಿತು.

ನನಗೆ ಜಾಸ್ತಿ ನಾಟಿದ್ದು ದೇವಶಾಸ್ತ್ರದ ಪಂಡಿತ ಆಸ್ಕರ್ ಕುಲ್ಮನ್ 1955ರಲ್ಲಿ ಹಾರ್ವರ್ಡ್‌ನಲ್ಲಿ ಮಾಡಿದ ಉಪನ್ಯಾಸ. ಅವರು ಎರಡು ಸಾವುಗಳನ್ನು ಅಕ್ಕಪಕ್ಕ ಇಟ್ಟರು. ಸಾಕ್ರೆಟಿಸ್ ವಿಷದ ಪಾತ್ರೆಯನ್ನು ಸಮಾಧಾನವಾಗಿ ಎತ್ತಿ ಕುಡಿದ. ದೇಹ ಒಂದು ಸೆರೆಮನೆ, ಆತ್ಮಕ್ಕೆ ಸಾವಿಲ್ಲ ಎಂದು ನಂಬಿದವನಿಗೆ ಭಯ ಯಾಕೆ? ಯೇಸು ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ನಡುಗಿದರು. ಈ ಪಾತ್ರೆ ತಪ್ಪಿಸು ಎಂದು ತಂದೆಯನ್ನು ಬೇಡಿದರು. ಸಾವು ಅವರಿಗೆ ನಿಜವಾದ ಶತ್ರು. ಆತ್ಮ ಸಾಯುವುದೇ ಇಲ್ಲ ಎನ್ನುವುದು ಗ್ರೀಕರ ಮಾತು, ಸತ್ತವರನ್ನು ದೇವರು ಎಬ್ಬಿಸುತ್ತಾರೆ ಎನ್ನುವುದು ಬೈಬಲ್ಲಿನ ಮಾತು, ಎರಡನ್ನೂ ಕಲಸಬೇಡಿ ಎಂದರು ಕುಲ್ಮನ್. ತಮ್ಮ ಬೇರೆ ಯಾವ ಬರಹಕ್ಕೂ ಇಷ್ಟು ವಿರೋಧ ಬಂದಿರಲಿಲ್ಲ ಎಂದು ಅವರೇ ಬರೆದುಕೊಂಡಿದ್ದಾರೆ.

ನಾವು ಕ್ರೈಸ್ತರೂ ಕಲಸುತ್ತೇವೆ. ಭಾನುವಾರ ಪೂಜೆಯಲ್ಲಿ ಶರೀರದ ಪುನರುತ್ಥಾನವನ್ನು ನಂಬುತ್ತೇನೆ ಅನ್ನುತ್ತೇವೆ. ಸಾವಿನ ಮನೆಯಲ್ಲಿ 'ಆತ್ಮ ದೇವರ ಹತ್ರ ಹೋಯ್ತು, ಇದು ಬರೀ ಮಣ್ಣು' ಅನ್ನುತ್ತೇವೆ. ಬರೀ ಮಣ್ಣಾದರೆ ಆ ನೀರನ್ನು ಯಾಕೆ ಮೊಗೆದು ಹಾಕಿದೆವು? ಹಾಗಂತ ಕುಲ್ಮನ್ನರನ್ನು ಪೂರ್ತಿ ಒಪ್ಪಲೂ ಆಗುತ್ತಿಲ್ಲ. ಎಬ್ಬಿಸುವ ದಿನದವರೆಗೆ ಅಪ್ಪ ಎಲ್ಲಿ ಎಂಬ ಪ್ರಶ್ನೆ ರಾತ್ರಿ ಬಂದು ಕೂರುತ್ತದೆ.

ಬೈಬಲ್ಲಿನಲ್ಲಿ, ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಪೌಲರು ಕಾಳಿನ ಮಾತು ಹೇಳುತ್ತಾರೆ. ಬಿತ್ತುವುದು ಬರೀ ಕಾಳು, ಎದ್ದು ಬರುವುದು ಬೇರೆಯೇ ರೂಪ. ಬೀಜದ ಅಡಿಕೆ ಮಣ್ಣಿಗಿಟ್ಟು ಸಸಿ ಎಬ್ಬಿಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಸಿ ಬಂದದ್ದು ಆ ಅಡಿಕೆಯಿಂದಲೇ. ಆದರೆ ಅಗೆದು ನೋಡಿದರೆ ಅಡಿಕೆ ಇಟ್ಟ ಹಾಗೆ ಸಿಗುವುದಿಲ್ಲ. ಸದ್ಯಕ್ಕೆ ನಾನು ನಿಂತಿರುವುದು ಅಲ್ಲಿ.

ಪುನರ್ಜನ್ಮ ಎಂದು ಬರೆದ ಕೂಡಲೇ ಈ ಜಗಳವೆಲ್ಲ ಸುಮ್ನೆ ಮಾಯವಾಗಿಬಿಡುತ್ತದೆ. ಮುಂದಿನ ವರ್ಷ 'ಪುನರುತ್ಥಾನ' ಎಂದೇ ಹಾಕಿ. ಉದ್ದವಾಯಿತು ಅನ್ನಿಸಿದರೆ 'ಯೇಸು ಎದ್ದ ದಿನ' ಎಂದರೂ ಆಯಿತು. ಜಾಗ ಇದ್ದರೆ ದೇವಶಾಸ್ತ್ರ ಕಲಿಸುವ ಯಾರಿಂದಾದರೂ ಒಂದು ಲೇಖನ ಬರೆಸಿ. ಪಕ್ಕದ ತೋಟದ ಹಿರಿಯರು ಓದುವುದು ನಿಮ್ಮ ಪತ್ರಿಕೆಯನ್ನೇ.

– ಓದುಗ, ಸಾಗರ ತಾಲ್ಲೂಕು