ಮೊಟ್ಟೆಯ ಲಾಭ

ಪ್ರೀತಿಯ ಪುಟ್ಟಿ,

ಅಮ್ಮನ ಚಟ್ನಿಪುಡಿ ಡಬ್ಬಿಯ ಜೊತೆ ಈ ಪತ್ರ ಇಟ್ಟಿದ್ದೇನೆ. ‘ಕ್ಯಾಚ್-22’ ಕಾದಂಬರಿ ಓದುತ್ತಾ ಹಾಸ್ಟೆಲ್‌ನಲ್ಲಿ ಒಬ್ಬಳೇ ನಗ್ತಿದ್ದೀನಿ ಅಂದೆ. “ಆಫೀಸರ್‌ಗಳು ನಿಜವಾಗ್ಲೂ ಹೀಗಿರ್ತಾರಾ ಅಪ್ಪಾ?” ಅಂತಲೂ ಕೇಳಿದೆ. ಫೋನಿನಲ್ಲಿ ಹೇಳಲು ಆಗಲಿಲ್ಲ.

ಅದನ್ನು ಬರೆದ ಜೋಸೆಫ್ ಹೆಲ್ಲರ್ ಎರಡನೇ ಮಹಾಯುದ್ಧ ಕಂಡವನು. 1944ರಲ್ಲಿ ಕಾರ್ಸಿಕಾ ದ್ವೀಪದಿಂದ ಬಾಂಬರ್ ವಿಮಾನ ಹತ್ತಿದವನು, 60 ಸಲ ಹೋಗಿ ಬಂದ. ತಮಾಷೆ ಗೊತ್ತಾ? ತನಗೆ ಕೆಟ್ಟ ಆಫೀಸರ್ ಒಬ್ಬನೂ ಸಿಗಲಿಲ್ಲ ಅಂತ ಅವನೇ ಆಮೇಲೆ ಹೇಳಿದ್ದಾನೆ. ಹಾಗಾದರೆ ಕಾದಂಬರಿಯ ಈ ಕರ್ನಲ್ ಕ್ಯಾತ್‌ಕಾರ್ಟ್ ಎಲ್ಲಿಂದ ಬಂದ? ಹುಡುಗರು ಊರಿಗೆ ಹೋಗುವ ಹೊತ್ತಿಗೆ, ಅದಕ್ಕೆ ಮುಗಿಸಬೇಕಾದ 40 ಹಾರಾಟಗಳನ್ನು 45, 50, 55 ಅಂತ ಏರಿಸುತ್ತಲೇ ಇರುತ್ತಾನಲ್ಲ, ಅವನು. ಅವನಿಗೆ ಯುದ್ಧ ಗೆಲ್ಲುವುದಕ್ಕಿಂತ ಜನರಲ್ ಆಗುವುದು ಮುಖ್ಯ. ಬಾಂಬು ಎಲ್ಲಿ ಬಿದ್ದರೂ ಸರಿ, ಮೇಲಿನಿಂದ ತೆಗೆದ ಫೋಟೋದಲ್ಲಿ ಒತ್ತೊತ್ತಾಗಿ ಕಾಣಬೇಕು. ಇಂಥವನನ್ನು ಹುಡುಕಲು ಕಾರ್ಸಿಕಾಕ್ಕೆ ಹೋಗಬೇಕಿಲ್ಲ. ಟೈ ಕಟ್ಟಿದ ಯಾವ ಆಫೀಸಿನಲ್ಲೂ ಸಿಗುತ್ತಾನೆ.

ನೀನು ಈಗ ಮೈಲೋನ ಮೊಟ್ಟೆ ವ್ಯಾಪಾರದಲ್ಲಿದ್ದೀಯ. ಏಳು ಸೆಂಟಿಗೆ ಕೊಂಡು ಐದು ಸೆಂಟಿಗೆ ಮಾರಿದರೂ ಲಾಭ ಮಾಡುವ ಮೆಸ್ ಆಫೀಸರ್! ನಾನೂ ಬಿದ್ದು ಬಿದ್ದು ನಕ್ಕಿದ್ದೆ. ಪತ್ರ ಇಲ್ಲಿಗೇ ಮಡಿಸಿಡು. ಉಳಿದದ್ದು ಪುಸ್ತಕ ಮುಗಿದ ಮೇಲೆ ಓದು.

ಮುಗೀತಾ? ಗಾಯಗೊಂಡ ಹುಡುಗ ಸ್ನೋಡನ್ ವಿಮಾನದೊಳಗೆ ನರಳುತ್ತಾ ಬಿದ್ದಿರುತ್ತಾನೆ. ಕಥಾನಾಯಕ ಯೋಸ್ಸಾರಿಯನ್ ಔಷಧಿ ಪೆಟ್ಟಿಗೆ ತೆಗೆದರೆ ನೋವು ಇಳಿಸುವ ಮಾರ್ಫಿನ್ ಇಲ್ಲ. ಅದರ ಜಾಗದಲ್ಲಿ ದುಂಡಗೆ ಬರೆದ ಮೈಲೋನ ಚೀಟಿ: ನಮ್ಮ ಕಂಪನಿಗೆ ಒಳ್ಳೆಯದಾದದ್ದು ದೇಶಕ್ಕೂ ಒಳ್ಳೆಯದು. ಇದು ಪೂರಾ ಕಟ್ಟುಕಥೆಯೂ ಅಲ್ಲ. 1953ರಲ್ಲಿ ಕಾರು ಕಂಪನಿಯ ಮುಖ್ಯಸ್ಥನೊಬ್ಬ ಅಮೆರಿಕದ ರಕ್ಷಣಾ ಮಂತ್ರಿಯಾಗಲು ಹೊರಟಾಗ ಹೆಚ್ಚುಕಡಿಮೆ ಇದನ್ನೇ ಹೇಳಿದ್ದ. ಲೈಫ್ ಜಾಕೆಟ್‌ಗೆ ಗಾಳಿ ತುಂಬುವ ಸಿಲಿಂಡರ್ ಕೂಡ ಮೈಲೋನೇ ಎತ್ತಿಕೊಂಡಿದ್ದ, ಆಫೀಸರ್‌ಗಳ ಐಸ್‌ಕ್ರೀಂ ಸೋಡಾಕ್ಕೆ. ಆ ಪುಟ ಓದಿದ ಮೇಲೆ ಮೊಟ್ಟೆಯ ಜೋಕನ್ನು ಮತ್ತೆ ಓದಲು ನನಗೆ ಆಗಲಿಲ್ಲ.

ಇನ್ನೊಂದು ಮಾತು. ನಾನು ಸ್ಟೋರ್ ಕ್ಲರ್ಕ್ ಆಗಿದ್ದಾಗ ವರ್ಷಕ್ಕೊಂದು ತಪಾಸಣೆ ಇರುತ್ತಿತ್ತು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗಳನ್ನು ಎಣಿಸುತ್ತಿದ್ದೆವು. ಒಂದನ್ನೂ ತೆಗೆದು ನೋಡಲಿಲ್ಲ. “ಸರಿಯಾಗಿದೆ” ಅಂತ ರಿಜಿಸ್ಟರ್‌ನಲ್ಲಿ ಬರೆದು ಕೆಳಗೆ ಸಹಿ ಹಾಕುತ್ತಿದ್ದವನು ನಾನೇ.

ಅಪ್ಪ