ಭಂಗಾರವೂ ಅಲ್ಲ, ಬಂಗಾರವೂ ಅಲ್ಲ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರ ನಿಮ್ಮ ಪುರವಣಿಯಲ್ಲಿ ಹಳೇ ವಿಡಿಯೋ ಗೇಮ್‌ಗಳಿಗೆ ಕೋಟಿಗಟ್ಟಲೆ ಬೆಲೆ ಬಂದಿದೆ ಅಂತ ಒಂದು ಬರಹ ಇತ್ತಲ್ಲ, ಅದರ ಬಗ್ಗೆ ಎರಡು ಮಾತು ಹೇಳಬೇಕಿತ್ತು.

ಮೊದಲನೆಯದು, ಜೊತೆಗೆ ಹಾಕಿದ ಫೋಟೋ. ಕೆಳಗೆ ನಿಂಟೆಂಡೊ ಅಂತ ಬರೆದಿದ್ದೀರಿ. ಅದು ನಿಂಟೆಂಡೊ ಅಲ್ಲ. ನಿಂಟೆಂಡೊ ಕಂಪನಿ 1983ರ ಜುಲೈ 15ಕ್ಕೆ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಂ ಅನ್ನುವ ಟಿವಿ ಗೇಮ್ ಯಂತ್ರಕ್ಕೆ ಎರಡೂ ರಿಮೋಟಿನ ವೈರ್ ಒಳಗಿಂದಲೇ ಬರುತ್ತದೆ, ಕಿತ್ತು ಬದಲಾಯಿಸುವ ಹಾಗಿಲ್ಲ, ಮತ್ತು ಬಲಗಡೆ ಎ, ಬಿ ಅಂತ ಎರಡೇ ಗುಂಡಿ. (ಗೇಮ್‌ಪ್ಯಾಡ್ ಅನ್ನಬೇಕು, ಗೊತ್ತು. ಆದರೆ ನಮ್ಮ ಓಣಿಯಲ್ಲಿ ಅದು ರಿಮೋಟ್, ಆಟ ತುಂಬಿದ ಕಾರ್ಟ್ರಿಜ್ ಅಂದರೆ ಕ್ಯಾಸೆಟ್. ಹಾಗೇ ಬರೆಯುತ್ತೇನೆ.) ನಿಮ್ಮ ಫೋಟೋದಲ್ಲಿ ರಿಮೋಟಿನ ಪ್ಲಗ್ ಮುಂದೆ ಚುಚ್ಚಿದೆ, ಗುಂಡಿ ನಾಲ್ಕಿವೆ. ಜಾಸ್ತಿ ಇರುವ ಎರಡು ಟರ್ಬೊ ಗುಂಡಿ, ಒತ್ತಿ ಹಿಡಿದರೆ ಸಾಕು, ಗುಂಡು ತಾನಾಗಿ ಹಾರುತ್ತಲೇ ಇರುತ್ತದೆ. ಅಂದರೆ ಅದು ಪಕ್ಕಾ ನಕಲು ಮಾಲು. ತಪ್ಪು ಹಿಡಿಯಬೇಕು ಅಂತ ಬರೆಯುತ್ತಿಲ್ಲ. ಅಸಲಿ ಅಂತ ತಿಳಿದು ನೀವು ನಮ್ಮ ನಕಲನ್ನೇ ಅಚ್ಚು ಹಾಕಿದ್ದೀರಿ, ನೋಡಿ ಭಾಳ ಖುಷಿಯಾಯಿತು.

ಎರಡನೆಯ ಮಾತು ಸ್ವಲ್ಪ ಉದ್ದ ಇದೆ.

ನಾನು ರಾಯಚೂರಿನವನು. ಇಲ್ಲೇ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ. ಹತ್ತು ವರ್ಷದಿಂದ ಹಳೇ ಟಿವಿ ಗೇಮ್ ಕೂಡಿಹಾಕುತ್ತಿದ್ದೇನೆ, ರಿಪೇರಿ ಮಾಡುತ್ತೇನೆ, ಆಡುತ್ತೇನೆ. ನಿಮ್ಮ ಬರಹ ಬಂದ ದಿನ ಮಧ್ಯಾಹ್ನದೊಳಗೆ ಆರು ಜನ ಫೋನ್ ಮಾಡಿದರು. "ನಮ್ಮ ಅಟ್ಟದ ಮೇಲೂ ಒಂದು ಐತಿ, ಎಷ್ಟು ಕೊಡ್ತಿ?" ನಾನು ಮುನ್ನೂರು ಅಂದೆ. ಒಬ್ಬರು ಬೈದೇ ಬಿಟ್ಟರು. ಪೇಪರಿನಲ್ಲಿ ಹದಿನೈದು ಕೋಟಿ ಅಂತ ಬರೆದಿದ್ದಾರೆ, ನೀನು ಮೋಸ ಮಾಡುತ್ತಿದ್ದೀಯ ಅಂತ. ಇನ್ನೊಬ್ಬರು ಹೋದ ತಿಂಗಳಷ್ಟೇ ಪುಕ್ಕಟೆ ಕೊಡುತ್ತೇನೆ ಬಾ ಅಂದಿದ್ದವರು, ಈಗ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರಂತೆ. ಫೋಟೋ ತಪ್ಪು ಅಂದದ್ದಕ್ಕೆ ನಿಮಗೆ ಒಂದು ಕ್ಷಣ ಕೋಪ ಬಂದಿರಬಹುದು ನನ್ನ ಮೇಲೆ, ನನಗೆ ಇಡೀ ದಿನ ಬಂದಿತ್ತು ನಿಮ್ಮ ಮೇಲೆ.

ನೀವು ಬರೆದ ಅಂಕಿ ಸರಿಯೇ ಇದೆ. 2021ರಲ್ಲಿ ಅಮೆರಿಕದಲ್ಲಿ ಸೂಪರ್ ಮಾರಿಯೊ ಬ್ರದರ್ಸ್‌ನ ಒಂದು ಕ್ಯಾಸೆಟ್ 20 ಲಕ್ಷ ಡಾಲರಿಗೆ ಹೋಯಿತು, ಆಗಿನ ಲೆಕ್ಕದಲ್ಲಿ ಹತ್ತಿರ ಹತ್ತಿರ ಹದಿನೈದು ಕೋಟಿ. ಆದರೆ ಅದು ಸೀಲ್ ಒಡೆಯದ ಡಬ್ಬಿ. ಯಾರೂ ಆಡಿಲ್ಲ. ಮುಂದೆಯೂ ಯಾರೂ ಆಡುವುದಿಲ್ಲ, ಆಡಿದರೆ ಬೆಲೆ ಹೋಯಿತಲ್ಲ. ಅದನ್ನು ಆಟ ಅನ್ನಬೇಕೋ ಷೇರು ಪತ್ರ ಅನ್ನಬೇಕೋ ನೀವೇ ಹೇಳಿ. ನಮ್ಮ ರಾಯಚೂರಿನ ಅಟ್ಟಗಳ ಮೇಲೆ ಅಂಥದ್ದು ಒಂದೂ ಇಲ್ಲ. ಇಲ್ಲಿರುವುದು ಮೂಲೆ ಸವೆದ, ಸ್ಟಿಕರ್ ಕಿತ್ತ, ಹಿಂದೆ ಪೆನ್ನಿನಲ್ಲಿ ಯಾರದೋ ಹೆಸರು ಗೀಚಿದ ಹಳದಿ ಕ್ಯಾಸೆಟ್. ಗುಜರಿಗೆ ಈ ಕಡೆ ಕೆಲವರು ಭಂಗಾರ ಅನ್ನುತ್ತಾರೆ. ಆ ಒಂದು ಉಸಿರಿನಲ್ಲಿ ಎಡವಟ್ಟಾಗಿರುವುದು. ಮೊನ್ನೆವರೆಗೆ ಭಂಗಾರ ಅಂತ ಎಸೆಯುತ್ತಿದ್ದರು, ನಿಮ್ಮ ಬರಹ ಓದಿ ಬಂಗಾರ ಅಂದುಕೊಂಡಿದ್ದಾರೆ. ಬೆಲೆ ಕೇಳಿ ಗಿರಾಕಿ ಸಿಗದಿದ್ದರೆ ಸಿಟ್ಟಿನಲ್ಲಿ ಮತ್ತೆ ಭಂಗಾರಕ್ಕೇ ಹೋಗುತ್ತದೆ. ಅದೇ ನನ್ನ ಹೆದರಿಕೆ.

ಯಾಕೆ ಹೆದರಿಕೆ ಅಂದರೆ, ಅಸಲಿಯನ್ನು ಕಾಯಲು ಲೋಕದ ತುಂಬಾ ಜನ ಇದ್ದಾರೆ. ನಿಂಟೆಂಡೊದ ಆ ಯಂತ್ರ ಜಪಾನಿನ ಮತ್ತು ಹೊರದೇಶದ ರೂಪ ಎರಡೂ ಸೇರಿ 6 ಕೋಟಿ 19 ಲಕ್ಷ ಮಾರಾಟವಾಗಿದೆ, ಕಂಪನಿಯೇ ಲೆಕ್ಕ ಇಟ್ಟಿದೆ. ಆ ಲೆಕ್ಕದಲ್ಲಿ ನಮ್ಮ ಮನೆಯದು ಇಲ್ಲ. ತೈವಾನಿನಲ್ಲಿ ಅದರ ಚಿಪ್‌ಗಳ ನಕಲು ತಯಾರಾಗಿ, ಹತ್ತಾರು ಹೆಸರಿನಲ್ಲಿ ಡಬ್ಬಿಯೊಳಗೆ ಕೂತು, ಮುಂಬೈ ಹೈದರಾಬಾದ್ ದಾಟಿ ನಮ್ಮೂರಿನ ತೀನ್ ಕಂದಿಲ್ ಹತ್ತಿರದ ಅಂಗಡಿಗೆ ಬಂದ ಮಾಲಿನ ಲೆಕ್ಕ ಯಾರ ಹತ್ತಿರವೂ ಇಲ್ಲ. ಸಮುರಾಯ್ ಅನ್ನುವ ಹೆಸರಿನಲ್ಲಿ ಅಸಲಿಯೂ ಭಾರತಕ್ಕೆ ಬಂದಿತ್ತು. ನಮ್ಮ ಓಣಿಯವರೆಗೆ ಬರಲಿಲ್ಲ ಅಷ್ಟೇ. 2023ರಲ್ಲಿ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಅನ್ನುವ ಸಂಸ್ಥೆ ಅಮೆರಿಕದ ಹಳೇ ಗೇಮ್‌ಗಳ ಲೆಕ್ಕ ತೆಗೆದು, ನೂರರಲ್ಲಿ 87 ಇವತ್ತು ಅಂಗಡಿಯಲ್ಲಿ ಕೊಳ್ಳಲು ಸಿಗುವುದೇ ಇಲ್ಲ ಅಂತ ಹೇಳಿತು. ಅಸಲಿಗೇ ಆ ಗತಿ ಇರುವಾಗ ನಕಲನ್ನು ಕೇಳುವವರು ಯಾರು? ಹೊರಗಿನ ಸಂಗ್ರಾಹಕರಿಗೆ ಇದು ಮುಟ್ಟಬಾರದ ಮಾಲು. ನಮಗೆ ಮಾತ್ರ ಇದೇ ವಿಡಿಯೋ ಗೇಮ್.

ಒಂದು ಕ್ಯಾಸೆಟ್ ಬಿಚ್ಚಿ ತೋರಿಸುತ್ತೇನೆ ಬನ್ನಿ. ಮೇಲೆ '9999 ಇನ್ 1' ಅಂತ ದೊಡ್ಡದಾಗಿ ಬರೆದಿರುತ್ತದೆ. ಎರಡು ಸ್ಕ್ರೂ ಬಿಚ್ಚಿದರೆ ಒಳಗೆ ಬಿಸ್ಕತ್ತಿನಷ್ಟು ಹಸಿರು ಬೋರ್ಡು, ಕೆಳಗೆ ಆ ಕಡೆ ಮೂವತ್ತು ಈ ಕಡೆ ಮೂವತ್ತು ತಾಮ್ರದ ಹಲ್ಲು, ನಡುವೆ ಡಾಂಬರು ಚೆಲ್ಲಿದಂತೆ ಒಂದು ಕಪ್ಪು ಬೊಟ್ಟು. ಚಿಪ್ ಆ ಬೊಟ್ಟಿನ ಕೆಳಗಿದೆ. ಉಳಿದದ್ದೆಲ್ಲ ಖಾಲಿ ಪ್ಲಾಸ್ಟಿಕ್, ಅಷ್ಟು ದೊಡ್ಡ ಡಬ್ಬಿ ಯಾಕೆ ಬೇಕಿತ್ತೋ. ಟಿವಿಗೆ ಹಾಕಿದರೆ ಪಟ್ಟಿ ಬರುತ್ತದೆ, ಪುಟದ ಮೇಲೆ ಪುಟ. ನಾನು ಒಂದು ಸಲ ಹಟಕ್ಕೆ ಬಿದ್ದು ಪಟ್ಟಿಯಲ್ಲಿ ಇನ್ನೂರರವರೆಗೆ ಒಂದೊಂದೇ ತೆಗೆದು ನೋಡಿದೆ. ಒಟ್ಟು ಏಳು ಆಟ. ಮಿಕ್ಕವು ಅದೇ ಆಟ ಮೂರನೇ ಹಂತದಿಂದ ಶುರು, ಅದೇ ಆಟ ಜೋರು ವೇಗ, ಅದೇ ಆಟ ಹೆಸರು ಬೇರೆ. ಹೆಸರುಗಳಲ್ಲೂ ಕಾಗುಣಿತ ದೇವರಿಗೇ ಪ್ರೀತಿ. ಸುಳ್ಳು ಹೌದು, ಆದರೆ ಆ ವಯಸ್ಸಿನಲ್ಲಿ ನಾವು ಆ 9999ನ್ನು ನಂಬಿದ್ದೆವು. ಬೇಸಿಗೆ ರಜೆಯ ತುಂಬಾ ಕೆಳಗೆ ಕೆಳಗೆ ಹೋಗುತ್ತಿದ್ದೆವು, ಇನ್ನೂ ಒಳ್ಳೆಯದು ಮುಂದೆ ಇರಬಹುದು ಅಂತ.

ಕಾಂಟ್ರಾ ಅನ್ನುವ ಗುಂಡು ಹಾರಿಸುವ ಆಟ ಆಡದವರು ನನ್ನ ವಯಸ್ಸಿನವರಲ್ಲಿ ಯಾರಿದ್ದಾರೆ? ಎಂಟು ಹಂತ. ಸೇವ್ ಅನ್ನುವುದೇ ಇಲ್ಲ. ಪಕ್ಕದಲ್ಲೇ ಶಕ್ತಿನಗರ, ರಾಜ್ಯಕ್ಕೆಲ್ಲ ಕರೆಂಟ್ ಅಲ್ಲಿಂದ ಹೋಗುತ್ತದೆ ಅಂತ ಮೇಷ್ಟ್ರು ಪಾಠ ಮಾಡುತ್ತಿದ್ದರು, ನಾವು ಏಳನೇ ಹಂತದಲ್ಲಿ ಇರುವಾಗ ಸರಿಯಾಗಿ ಫ್ಯಾನ್ ನಿಧಾನವಾಗುತ್ತಿತ್ತು. ಟಿವಿ ನಡುವಿನಲ್ಲಿ ಒಂದು ಬಿಳಿ ಚುಕ್ಕೆ ಉಳಿದು ಅದೂ ಆರುತ್ತಿತ್ತು. ಮತ್ತೆ ಮೊದಲಿಂದ. ಮೂವತ್ತು ಜೀವ ಬರುವ ಗುಟ್ಟು ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಬರೆದುಕೊಂಡಿದ್ದೆ: ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಆ ಗುಟ್ಟು ಮಾಡಿದವರು ಕೊನಾಮಿ ಅನ್ನುವ ಗೇಮ್ ಕಂಪನಿಯ ಕಝುಹಿಸಾ ಹಶಿಮೊಟೊ, ಅದಕ್ಕಿಂತ ಮುಂಚಿನ ಗ್ರೇಡಿಯಸ್ ಆಟಕ್ಕೆ. ತಾನು ಮಾಡುತ್ತಿದ್ದ ಆಟ ತನಗೇ ಕಷ್ಟವಾಗಿ ಪರೀಕ್ಷೆ ಮಾಡಲು ಆಗುತ್ತಿರಲಿಲ್ಲವಂತೆ, ಅದಕ್ಕೆ ಈ ಕಳ್ಳದಾರಿ. 2020ರಲ್ಲಿ ಅವರು ತೀರಿಕೊಂಡ ಸುದ್ದಿ ನೋಡಿದಾಗ, ಪರಿಚಯವೇ ಇಲ್ಲದ ಜಪಾನಿನ ಮನುಷ್ಯನಿಗೆ ಮಿಲ್ಲಿನ ಕುರ್ಚಿಯಲ್ಲಿ ಕೂತು ನಮಸ್ಕಾರ ಮಾಡಿದೆ. ಪಕ್ಕದವರು ಯಾರು ಹೋದರು ಅಂತ ಕೇಳಿದರು. ಏನು ಹೇಳಲಿ?

ಮತ್ತೆ ಮಾರಿಯೊ. ಆ ಇಡೀ ಆಟ 40 ಕಿಲೋಬೈಟ್. ದಿನಾ ಬೆಳಿಗ್ಗೆ ವಾಟ್ಸ್‌ಆಪ್‌ನಲ್ಲಿ ಬರುವ ಗುಲಾಬಿ ಹೂವಿನ ಫೋಟೋ ಅದಕ್ಕಿಂತ ದೊಡ್ಡದು. ಜಾಗ ಉಳಿಸಲು ಅದರಲ್ಲಿ ಮೋಡಕ್ಕೂ ಪೊದೆಗೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಇದನ್ನು ತೋರಿಸಿದಾಗ ನನ್ನ ಅಕ್ಕನ ಮಗಳು ಆಟ ನಿಲ್ಲಿಸಿ ಟಿವಿ ಹತ್ತಿರ ಹೋಗಿ ಮೂಗು ತಾಗಿಸಿ ನೋಡಿದಳು. ಅವಳು ಮೊದಲ ದಿನ ಕೇಳಿದ್ದು "ಮಾಮಾ, ಸೇವ್ ಎಲ್ಲಿದೆ?" ಅಂತ.

ರಿಪೇರಿ ಬಗ್ಗೆ ನಾಲ್ಕು ಮಾತು, ಯಾಕೆಂದರೆ ಫೋನ್ ಮಾಡಿದವರೆಲ್ಲ ಮೊದಲು ಹೇಳುವುದು 'ಅದು ಕೆಟ್ಟುಹೋಗಿದೆ' ಅಂತ. ಹೆಚ್ಚಿನವು ಕೆಟ್ಟಿರುವುದಿಲ್ಲ. ಕ್ಯಾಸೆಟ್ ಹತ್ತದಿದ್ದರೆ ಬಾಯಿಂದ ಊದಬೇಡಿ. ನಾವೆಲ್ಲ ಊದಿದ್ದೇವೆ, ನಿಜ. ಉಸಿರಿನ ತೇವಕ್ಕೆ ತಾಮ್ರದ ಹಲ್ಲು ಹಾಳಾಗುತ್ತದೆ. ಊದಿದಾಗ ಹತ್ತುತ್ತಿದ್ದದ್ದು ಊದಿದ್ದಕ್ಕಲ್ಲ, ತೆಗೆದು ಮತ್ತೆ ಸರಿಯಾಗಿ ಕೂರಿಸಿದ್ದಕ್ಕೆ. ಕಿವಿಗೆ ಹಾಕುವ ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಉಜ್ಜಿ, ಹತ್ತಿ ಕಪ್ಪಗಾಗುತ್ತದೆ, ಅಷ್ಟೇ. ಒಣಗಲು ಬಿಡಿ. ಅಡಾಪ್ಟರ್ ಮಾತ್ರ ನೋಡಿ ಚುಚ್ಚಿ. ನಾನು ಒಂದು ಸಲ ನಿಂಟೆಂಡೊ ಅಂತ ಬರೆದಿದೆ ಎಂದು ಆನ್‌ಲೈನ್‌ನಲ್ಲಿ ಒಂದನ್ನು ತರಿಸಿದೆ, ಮಾರಿದವನು ಎಲ್ಲಕ್ಕೂ ಆಗುತ್ತದೆ ಸಾರ್ ಅಂದಿದ್ದ. ಅದು ಅಮೆರಿಕದ ಯಂತ್ರದ್ದು, 9 ವೋಲ್ಟ್ ಸರಿ, ಆದರೆ ಎಸಿ. ನಮ್ಮ ಯಂತ್ರಕ್ಕೆ ಬೇಕಿದ್ದದ್ದು ಡಿಸಿ. ಒಳಗೆ ಟಪ್ ಅಂತ ಒಂದು ಸದ್ದು, ಆಮೇಲೆ ಸುಟ್ಟ ಮೀನಿನ ವಾಸನೆ. ಕೆಪಾಸಿಟರ್ ಹೊಟ್ಟೆ ಒಡೆದುಕೊಂಡಿತ್ತು. ಮೂರು ದಿನ ಅವ್ವ ಆ ಕೋಣೆಗೆ ಬರಲಿಲ್ಲ.

ಇನ್ನು ಹಳದಿಯಾದ ಪ್ಲಾಸ್ಟಿಕ್. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗೆ ಇಟ್ಟರೆ ಬೆಳ್ಳಗಾಗುತ್ತದೆ. ಬೇರೆ ದೇಶದವರು ಇದಕ್ಕೆ ದೀಪ, ಡಬ್ಬಿ, ಏನೇನೋ ಮಾಡಿಕೊಳ್ಳುತ್ತಾರೆ. ನಮಗೆ ಬಿಸಿಲಿಗೆ ಏನು ಬರ? ಏಪ್ರಿಲ್ ತಿಂಗಳಲ್ಲಿ ಮಾಳಿಗೆ ಮೇಲೆ ಕ್ರೀಮ್ ಬಳಿದು ಇಟ್ಟು ಕೆಳಗೆ ಬಂದು ಊಟ ಮುಗಿಸಿ ಹೋಗಿ ನೋಡಿದರೆ, ಕ್ರೀಮ್ ಒಣಗಿ ಡಬ್ಬಿ ಮೇಲೆ ಜೀಬ್ರಾ ಪಟ್ಟೆ. ನಮ್ಮ ಬಿಸಿಲು ಆ ವಿಧಾನ ಕಂಡುಹಿಡಿದವರ ಲೆಕ್ಕದಲ್ಲಿ ಇರಲಿಲ್ಲ ಕಾಣುತ್ತದೆ. ಈಗ ಬೆಳಿಗ್ಗೆ ಏಳಕ್ಕೆ ಇಟ್ಟು, ಪಾರದರ್ಶಕ ಪ್ಲಾಸ್ಟಿಕ್ ಸುತ್ತಿ, ಒಂಬತ್ತಕ್ಕೆ ತೆಗೆದುಬಿಡುತ್ತೇನೆ. ಕೈಗೆ ಗ್ಲೌಸ್ ಬೇಕೇ ಬೇಕು.

ಇದಕ್ಕಿಂತ ದೊಡ್ಡ ಚಿಂತೆ ಡಬ್ಬಾ ಟಿವಿಯದು. ಬಾತುಕೋಳಿ ಹೊಡೆಯುವ ಗನ್ ನೆನಪಿದೆ ಅಲ್ವಾ? ಅದು ಹೊಸ ಎಲ್‌ಇಡಿ ಟಿವಿಯಲ್ಲಿ ಕೆಲಸ ಮಾಡುವುದಿಲ್ಲ. ಗನ್ನಿನಿಂದ ಏನೂ ಹೊರಗೆ ಹೋಗುವುದಿಲ್ಲ ನೋಡಿ, ಅದು ಬೆಳಕನ್ನು ಒಳಗೆ ತೆಗೆದುಕೊಳ್ಳುತ್ತದೆ. ಟ್ರಿಗರ್ ಒತ್ತಿದ ಕೂಡಲೇ ಪರದೆ ಕಣ್ಣು ಮಿಟುಕಿಸುವುದರೊಳಗೆ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮೂಡುತ್ತದೆ. ಗನ್ನಿನ ಮೂತಿಯೊಳಗಿನ ಸೆನ್ಸರ್‌ಗೆ ಆ ಬಿಳಿ ಕಂಡರೆ ಏಟು ಬಿತ್ತು ಅಂತ ಲೆಕ್ಕ. ಪಿಕ್ಚರ್ ಟ್ಯೂಬಿನಲ್ಲಿ ಚಿತ್ರ ಆಗಿಂದಾಗಲೇ ಬರುತ್ತದೆ. ಹೊಸ ಟಿವಿ ಚಿತ್ರವನ್ನು ತಿದ್ದಿ ತೀಡಿ ತೋರಿಸುವುದರೊಳಗೆ ಗನ್ ನೋಡುವ ಹೊತ್ತು ಮುಗಿದಿರುತ್ತದೆ. ಮಕ್ಕಳು ಗನ್ ಕೆಟ್ಟಿದೆ ಅಂತ ಎಸೆಯುತ್ತಾರೆ. ಕೆಟ್ಟಿಲ್ಲ ಮಾರಾಯರೇ, ಟಿವಿ ತಡ.

ಆ ಟಿವಿಗಳು ಈಗ ವಾರಕ್ಕೆ ನಾಲ್ಕೈದು ಗುಜರಿ ಗಾಡಿಯಲ್ಲಿ ನನ್ನ ಕಣ್ಣೆದುರೇ ಹೋಗುತ್ತವೆ. ಒಳಗಿನ ತಾಮ್ರದ ಸುರುಳಿಗಾಗಿ ಟ್ಯೂಬಿನ ಕುತ್ತಿಗೆ ಮುರಿಯುತ್ತಾರೆ, ಗಾಜು ರಸ್ತೆ ಬದಿಗೆ ಬೀಳುತ್ತದೆ, ಆ ಗಾಜಿನಲ್ಲಿ ಸೀಸ ಇರುತ್ತದೆ. ನಿಜವಾಗಿ ಸತ್ತ ಟಿವಿ ಇದ್ದರೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ. ಚಿತ್ರ ಬರುತ್ತಿದ್ದರೆ ದಯವಿಟ್ಟು ಒಬ್ಬರಿಗೆ ಹೇಳಿ ನೋಡಿ. ಇವನ್ನು ಬಿಚ್ಚಿ ರಿಪೇರಿ ಮಾಡುವ ಒಬ್ಬ ಹಿರಿಯ ಮೆಕ್ಯಾನಿಕ್ ನಮ್ಮಲ್ಲಿ ಉಳಿದಿದ್ದಾರೆ, ಫ್ಲೈಬ್ಯಾಕ್ ಅನ್ನುವ ಬಿಡಿಭಾಗ ಸಿಗುವುದಿಲ್ಲ ಅಂತ ಒಂದು ಟಿವಿ ಕೊಂದು ಇನ್ನೊಂದು ಬದುಕಿಸುತ್ತಾರೆ. ಅವರಾದ ಮೇಲೆ ಯಾರು ಅಂತ ಕೇಳಿದರೆ ನಗುತ್ತಾರೆ. (ನೀವೇ ಬಿಚ್ಚಲು ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಆ ಟ್ಯೂಬಿನಲ್ಲಿ ಸಾವಿರಗಟ್ಟಲೆ ವೋಲ್ಟ್ ಕೂತಿರುತ್ತದೆ.)

ಅದಕ್ಕೆ ಸಂಪಾದಕರೇ, ನಿಮ್ಮ ಓದುಗರಿಗೆ ಇಷ್ಟು ತಿಳಿಸಿ. ಅಟ್ಟದ ಮೇಲಿರುವುದಕ್ಕೆ ಕೋಟಿ ಬರುವುದಿಲ್ಲ, ಐನೂರು ಬಂದರೆ ಹೆಚ್ಚು. ಮಾರಬೇಡಿ ಅಂತಲೂ ಹೇಳುವುದಿಲ್ಲ. ಕೆಳಗಿಳಿಸಿ, ಧೂಳು ಒರೆಸಿ, ಒಂದು ಸಲ ಆನ್ ಮಾಡಿ ನೋಡಿ. ಕ್ಯಾಸೆಟ್ಟಿನ ಪಟ್ಟಿಯ ಫೋಟೋ ತೆಗೆದಿಟ್ಟುಕೊಳ್ಳಿ, ಡಬ್ಬಿ ಮೇಲೆ ಅಂಗಡಿಯ ಸೀಲು, ಬೆಲೆ ಚೀಟಿ ಇದ್ದರೆ ಕೀಳಬೇಡಿ. ನನಗೆ ಬೇಕಿರುವುದು ಮುಖ್ಯವಾಗಿ ಅದೇ. ಯಾವ ವರ್ಷ ಯಾವ ಊರಿಗೆ ಯಾವ ಹೆಸರಿನ ಡಬ್ಬಿ ಬಂತು ಅಂತ ಒಂದು ಲೆಕ್ಕದ ಪುಸ್ತಕ ಇಟ್ಟಿದ್ದೇನೆ. ಅಭ್ಯಾಸ ಬಲ, ಮಿಲ್ಲಿನ ಹಳೇ ಲೆಡ್ಜರಿನಲ್ಲೇ ಬರೆಯುತ್ತೇನೆ. ಇಲ್ಲಿಯವರೆಗೆ ಮೂವತ್ತೊಂದು ಹೆಸರು ಸಿಕ್ಕಿವೆ, ಸಿಂಧನೂರಿನಿಂದ ಎರಡು, ಮಾನ್ವಿಯಿಂದ ಒಂದು, ಮಿಕ್ಕದ್ದೆಲ್ಲ ರಾಯಚೂರು. ಲಿಂಗಸುಗೂರು, ದೇವದುರ್ಗದ ಪುಟ ಖಾಲಿ ಇದೆ. ಅಲ್ಲಿ ಯಾರೂ ಆಡಲಿಲ್ಲ ಅಂದರೆ ನಾನು ನಂಬುವುದಿಲ್ಲ.

ಕೊನೆಗೆ ಆ ಫೋಟೋ ವಿಷಯಕ್ಕೇ ಬರುತ್ತೇನೆ. ಅದು ಯಾರ ಮನೆಯದು? ಯಂತ್ರದ ಮುಂದೆ ಎರಡು ಕಿಂಡಿ ಇವೆ, ರಿಮೋಟ್ ಒಂದೇ ಕಾಣುತ್ತದೆ. ಎರಡನೆಯದು ಕಳೆದಿದ್ದರೆ ನನ್ನ ಹತ್ತಿರ ಜಾಸ್ತಿ ಇವೆ, ಪುಕ್ಕಟೆ ಕೊಡುತ್ತೇನೆ. ಕಿಂಡಿಯಲ್ಲಿ ಪಿನ್ನು ಒಂಬತ್ತೋ ಹದಿನೈದೋ ಅಂತ ಮಾತ್ರ ಎಣಿಸಿ ಹೇಳಲಿ.

ಇಂತಿ,
ನಿಮ್ಮ ಓದುಗ, ರಾಯಚೂರು